260 ಪಿಕೊಸೆಕೆಂಡಿನ ಅತಿಥಿ

1952ರಲ್ಲಿ ವಾರ್ಸಾ ನಗರ ಇನ್ನೂ ಪೂರ್ತಿ ಎದ್ದು ನಿಂತಿರಲಿಲ್ಲ. 1944ರ ದಂಗೆಯ ನಂತರ ಜರ್ಮನ್ ಸೇನೆ ಬೀದಿ ಬೀದಿಯನ್ನೇ ಕೆಡವಿ ಹೋಗಿತ್ತು. ಎಂಟು ವರ್ಷದ ಮೇಲೂ ಕಟ್ಟುವ ಕೆಲಸ ನಡೆದೇ ಇತ್ತು. ಹೋಜಾ ಬೀದಿಯ 69ನೇ ನಂಬರಿನ ಕಟ್ಟಡದಲ್ಲಿದ್ದ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದಲ್ಲಿ ಕಣಗಳನ್ನು ಭಾರಿ ವೇಗಕ್ಕೆ ಓಡಿಸುವ ಯಂತ್ರಗಳಿರಲಿಲ್ಲ. ಅಲ್ಲಿದ್ದದ್ದು ಸೂಕ್ಷ್ಮದರ್ಶಕಗಳು, ಮತ್ತು ಬಲೂನಿನಲ್ಲಿ ಸುಮಾರು 26 ಕಿಲೋಮೀಟರ್ ಎತ್ತರಕ್ಕೆ ಹೋಗಿ ಬಂದಿದ್ದ ಕೆಲವು ಫೋಟೋ ಎಮಲ್ಷನ್ ಪದರಗಳು.

ಮರಿಯಾನ್ ದಾನಿಶ್ ಮತ್ತು ಯೆಝಿ ಪ್ನಿಯೆವ್‌ಸ್ಕಿ ಎಂಬಿಬ್ಬರು ಅಂಥ ಒಂದು ಪದರದಲ್ಲಿ ಒಂದು ವಿಚಿತ್ರ ಗುರುತು ಕಂಡರು. ಒಂದು ಕಡೆ ನಕ್ಷತ್ರದ ಹಾಗೆ ಸುತ್ತಲೂ ಚಾಚಿದ ಗೆರೆಗಳು. ಇದರಲ್ಲಿ ಆಶ್ಚರ್ಯವೇನಿಲ್ಲ. ಆಕಾಶದಿಂದ ಬಂದ ಕಾಸ್ಮಿಕ್ ಕಿರಣವೊಂದು ಎಮಲ್ಷನ್ನಿನ ಒಂದು ನ್ಯೂಕ್ಲಿಯಸ್ಸಿಗೆ ಬಡಿದು ಅದನ್ನು ಚೂರು ಮಾಡಿದರೆ ಹೀಗೇ ಕಾಣುತ್ತದೆ. ಆದರೆ ಆ ಚೂರುಗಳಲ್ಲೊಂದು ದಪ್ಪ ಗೆರೆ ಎಳೆದುಕೊಂಡು ಸ್ವಲ್ಪ ದೂರ ಹೋಗಿ, ನಿಂತು, ಆಮೇಲೆ ತಾನೇ ಸಿಡಿದಿತ್ತು. ಗೆರೆಯ ಆ ತುದಿಯಲ್ಲಿ ಇನ್ನೊಂದು ಪುಟ್ಟ ನಕ್ಷತ್ರ.

ತೊಂದರೆ ಇದ್ದದ್ದು ಆ 'ಆಮೇಲೆ'ಯಲ್ಲಿ. ಅಷ್ಟೊಂದು ಶಕ್ತಿಯನ್ನು ಒಳಗಿಟ್ಟುಕೊಂಡ ನ್ಯೂಕ್ಲಿಯಸ್ ಕಾಯುವುದಿಲ್ಲ, ಹುಟ್ಟಿದ ಕೂಡಲೇ ಒಡೆಯುತ್ತದೆ. ಈ ಚೂರು ಮಾತ್ರ ಎಮಲ್ಷನ್ನಿನಲ್ಲಿ ಸಾಗಿ ನಿಲ್ಲುವಷ್ಟು ಹೊತ್ತು, ಎಂದರೆ ಒಂದು ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗಕ್ಕಿಂತ ಹೆಚ್ಚು ಕಾಲ, ತಡೆದುಕೊಂಡಿತ್ತು. ನಮಗೆ ಇದು ಕಾಲವೇ ಅಲ್ಲ. ನ್ಯೂಕ್ಲಿಯಸ್ಸಿನ ಗಡಿಯಾರದಲ್ಲಿ ಇದೊಂದು ಯುಗ. ಚೂರಿನ ಒಳಗೆ ಪ್ರೋಟಾನ್, ನ್ಯೂಟ್ರಾನ್‌ಗಳ ಜೊತೆ ಮೂರನೆಯದೊಂದು ಕಣ ಕೂತಿತ್ತು, ಅದು ಸತ್ತಾಗ ಇದೂ ಸಿಡಿಯಿತು ಎಂದು ಅವರು ತರ್ಕಿಸಿದರು. 1953ರಲ್ಲಿ ಬ್ರಿಟನ್ನಿನ 'ಫಿಲಾಸಫಿಕಲ್ ಮ್ಯಾಗಝೀನ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಹೈಪರ್‌ನ್ಯೂಕ್ಲಿಯಸ್ ಎಂದು ಇಂದು ಕರೆಯುವ ವಸ್ತುವಿನ ಚರಿತ್ರೆ ಶುರುವಾಗುವುದು ಈ ಒಂದು ಗೆರೆಯಿಂದ.

ದಾನಿಶ್ ಅವರ ತಂದೆ ಯಾನ್ ಕಾಝಿಮಿಯೆಶ್ ದಾನಿಶ್ ಪ್ಯಾರಿಸ್ಸಿನಲ್ಲಿ ಮೇರಿ ಕ್ಯೂರಿಯ ಸಹಾಯಕರಾಗಿದ್ದರು. ವಿಕಿರಣಶೀಲ ವಸ್ತುಗಳಿಂದ ಹೊಮ್ಮುವ ಬೀಟಾ ಕಣಗಳನ್ನು ಅಯಸ್ಕಾಂತದಿಂದ ಬಾಗಿಸಿ, ಶಕ್ತಿಗೆ ತಕ್ಕಂತೆ ಬೇರೆ ಬೇರೆ ಗೆರೆಗಳಾಗಿ ವಿಂಗಡಿಸುವ ಉಪಕರಣವನ್ನು ರೂಪಿಸಿದ ಮೊದಲಿಗರಲ್ಲಿ ಅವರೊಬ್ಬರು. 1914ರಲ್ಲಿ, ಮಗನಿಗೆ ಐದು ವರ್ಷವಿದ್ದಾಗ, ಯುದ್ಧದಲ್ಲಿ ಸತ್ತರು. ಮಗ ಕಂಡುಹಿಡಿದದ್ದನ್ನು ಓದಲು ಮುಂದೆ ಬೇಕಾದದ್ದು ಅಪ್ಪ ಮಾಡಿದ್ದಂಥ ಉಪಕರಣಗಳೇ, ಗಾತ್ರ ಮಾತ್ರ ಮನೆಯಷ್ಟು.

ಯಾರು ಈ ಮೂರನೆಯವರು?

ನ್ಯೂಕ್ಲಿಯಸ್ ಎಂದರೆ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಗುಂಪು ಎಂದು ಶಾಲೆಯಲ್ಲಿ ಓದಿದ್ದೇವೆ. 1947ರಲ್ಲಿ ಮ್ಯಾಂಚೆಸ್ಟರಿನ ರೋಚೆಸ್ಟರ್ ಮತ್ತು ಬಟ್ಲರ್ ಕಾಸ್ಮಿಕ್ ಕಿರಣಗಳಲ್ಲಿ ಈ ಲೆಕ್ಕಕ್ಕೆ ಸೇರದ ಕಣಗಳ ಗುರುತು ಕಂಡರು. 1950ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಹಾಪರ್ ಮತ್ತು ಬಿಸ್ವಾಸ್, ಅವುಗಳಲ್ಲಿ ಪ್ರೋಟಾನ್‌ಗಿಂತ ಭಾರವಾದ, ವಿದ್ಯುದಂಶವಿಲ್ಲದ ಒಂದು ಕಣಕ್ಕೆ ಎಮಲ್ಷನ್ನಿನಿಂದಲೇ ಸಾಕ್ಷ್ಯ ಒದಗಿಸಿದರು. ಇಂದು ಅದರ ಹೆಸರು ಲ್ಯಾಂಬ್ಡಾ. ಆ ಬಿಸ್ವಾಸ್ ಎಂದರೆ ಸುಕುಮಾರ್ ಬಿಸ್ವಾಸ್. ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಅಧ್ಯಯನದಲ್ಲಿ ಹೆಸರಾದವರು. ಎಮಲ್ಷನ್ ವಿಧಾನವೂ ನಮಗೆ ಹೊಸದಾಗಿರಲಿಲ್ಲ. ಡಿ. ಎಂ. ಬೋಸ್ ಮತ್ತು ಬಿಭಾ ಚೌಧುರಿ ಎರಡನೆಯ ಮಹಾಯುದ್ಧದ ವರ್ಷಗಳಲ್ಲೇ ಡಾರ್ಜಿಲಿಂಗ್ ಸೀಮೆಯ ಬೆಟ್ಟಗಳ ಮೇಲೆ ಫೋಟೋ ಫಲಕಗಳನ್ನಿಟ್ಟು ಕಣಗಳ ತೂಕ ಅಳೆಯಲು ಹೊರಟಿದ್ದರು.

ಲ್ಯಾಂಬ್ಡಾ ಪ್ರೋಟಾನ್‌ಗಿಂತ ಸುಮಾರು ಶೇಕಡಾ 19ರಷ್ಟು ಭಾರ. ಒಂಟಿಯಾಗಿ ಬಿಟ್ಟರೆ ಸರಾಸರಿ 260 ಪಿಕೊಸೆಕೆಂಡು ಬದುಕುತ್ತದೆ. ಒಂದು ಪಿಕೊಸೆಕೆಂಡು ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗ. ಇಂಥ ಕಣಗಳು ಸುಲಭವಾಗಿ ಹುಟ್ಟುತ್ತವೆ, ಆದರೆ ಅಷ್ಟೇ ಸುಲಭವಾಗಿ ಸಾಯುವುದಿಲ್ಲ. ಈ ಅಸಂಗತ ನಡವಳಿಕೆಯನ್ನು ವಿವರಿಸಲು 1953ರಲ್ಲಿ ಅಮೆರಿಕದ ಗೆಲ್-ಮನ್, ಜಪಾನಿನ ನಕಾನೊ ಮತ್ತು ನಿಶಿಜಿಮಾ ಒಂದು ಹೊಸ ಗುಣವನ್ನು ಕಲ್ಪಿಸಿದರು. ಇಂಗ್ಲಿಷಿನಲ್ಲಿ ಅದಕ್ಕೆ ಸ್ಟ್ರೇಂಜ್‌ನೆಸ್ ಎಂಬ ಹೆಸರು ನಿಂತಿತು. ಕನ್ನಡಕ್ಕೆ ತರುವವರು 'ವಿಚಿತ್ರತೆ' ಎನ್ನುತ್ತಾರೆ. ಅನುವಾದದ ಕೆಲಸ ಮಾಡುವ ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಇಂಗ್ಲಿಷಿನ ಆ ಮಾತಿನಲ್ಲಿ ಅಪರಿಚಿತ, ಹೊರಗಿನವ ಎಂಬ ಅರ್ಥದ ಎಳೆಯೂ ಇದೆ, ಮತ್ತು ನ್ಯೂಕ್ಲಿಯಸ್ಸಿನೊಳಗೆ ಲ್ಯಾಂಬ್ಡಾ ನಿಜಕ್ಕೂ ಹೊರಗಿನದ್ದು.

ಹೊರಗಿನದ್ದಾಗಿರುವುದರಿಂದಲೇ ಅದರಿಂದ ಉಪಯೋಗ. ಇದನ್ನು ಹೇಳಲು ನನಗೆ ಹತ್ತಿರದ ಉದಾಹರಣೆ ಭಾಷೆಯದ್ದು. 'ಬಸ್' ಕನ್ನಡಕ್ಕೆ ಬಂದು 'ಬಸ್ಸು' ಆಯಿತು, 'ಕಾರ್' ಬಂದು 'ಕಾರು' ಆಯಿತು. ಒಂದರಲ್ಲಿ ವ್ಯಂಜನ ಇಮ್ಮಡಿಸಿತು, ಇನ್ನೊಂದರಲ್ಲಿ ಇಲ್ಲ. ಹಿಂದಿನ ಸ್ವರ ಹ್ರಸ್ವವೋ ದೀರ್ಘವೋ ನೋಡಿ ನಮ್ಮ ನಾಲಿಗೆ ತಾನೇ ತೀರ್ಮಾನಿಸಿತು. 'ಕಲ್ಲು', 'ಕಾಲು' ಎಂದು ಸಾವಿರ ವರ್ಷದಿಂದ ಹೇಳುತ್ತಿದ್ದರೂ ಒಳಗೊಂದು ನಿಯಮ ಕೆಲಸ ಮಾಡುತ್ತಿದೆ ಎಂದು ಸ್ಪಷ್ಟವಾಗುವುದು ಪರಭಾಷೆಯ ಪದ ಬಂದಾಗ. ನ್ಯೂಕ್ಲಿಯಸ್ಸಿನಲ್ಲಿ ಲ್ಯಾಂಬ್ಡಾ ಮಾಡುವುದೂ ಇದನ್ನೇ.

ಪ್ರೋಟಾನ್‌ಗಳು ಒಂದೇ ಸ್ಥಿತಿಯಲ್ಲಿ ಒಟ್ಟಿಗೆ ಕೂರುವಂತಿಲ್ಲ, ನ್ಯೂಟ್ರಾನ್‌ಗಳಿಗೂ ಅದೇ ಕಟ್ಟಳೆ. ಒಳಗಿನ ಸೀಟು ತುಂಬಿದ ಮೇಲೆ ಹೊಸದಾಗಿ ಬಂದ ಪ್ರೋಟಾನ್ ಹೊರಗಿನ ಸಾಲಿನಲ್ಲೇ ನಿಲ್ಲಬೇಕು. ಇದಕ್ಕೆ ಪೌಲಿಯ ನಿಯಮ ಎಂದು ಹೆಸರು. ಲ್ಯಾಂಬ್ಡಾ ಬೇರೆ ಜಾತಿಯ ಕಣವಾದ್ದರಿಂದ ಈ ನಿಯಮ ಅದನ್ನು ತಡೆಯುವುದಿಲ್ಲ. ಅದು ಸೀದಾ ನಡುಮನೆಯವರೆಗೆ ಹೋಗಬಲ್ಲದು. ಅಲ್ಲಿ ಎಷ್ಟು ಗಟ್ಟಿಯಾಗಿ ಕೂರುತ್ತದೆ, ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಇಳಿಯುವಾಗ ಎಷ್ಟು ಶಕ್ತಿ ಬಿಡುತ್ತದೆ ಎಂದು ಅಳೆದರೆ ಒಳಗಿನ ಬಲಗಳ ವಿಚಾರ ತಿಳಿಯುತ್ತದೆ. ಹೀಗೆ ಅಳೆಯುವುದೇ ಹೈಪರ್‌ನ್ಯೂಕ್ಲಿಯಸ್‌ಗಳ ಸ್ಪೆಕ್ಟ್ರೋಸ್ಕೋಪಿ.

ಸೂಕ್ಷ್ಮದರ್ಶಕದ ಇಪ್ಪತ್ತು ವರ್ಷ

ಮೊದಲ ಎರಡು ದಶಕ ಎಮಲ್ಷನ್ನಿನದ್ದು. ಆಕಾಶದಿಂದ ಏನು ಬೀಳುತ್ತದೋ ಎಂದು ಕಾಯುವುದು ಬೇಗ ಮುಗಿಯಿತು. ವೇಗವರ್ಧಕಗಳು ಬಂದವು, ಕೇಯಾನ್ ಎಂಬ ಕಣಗಳ ಧಾರೆಯನ್ನು ಎಮಲ್ಷನ್ ಮೇಲೆ ಹರಿಸಿದರು. ಆದರೆ ಓದುವ ಕೆಲಸ ಮಾತ್ರ ಮನುಷ್ಯರ ಕಣ್ಣಿನದ್ದೇ. ಗಂಟೆಗಟ್ಟಲೆ ಕೂತು ಪದರದಿಂದ ಪದರಕ್ಕೆ ಗೆರೆ ಹಿಂಬಾಲಿಸುವವರಿಗೆ ಸ್ಕ್ಯಾನರ್ ಎನ್ನುತ್ತಿದ್ದರು. ಅನೇಕ ಪ್ರಯೋಗಶಾಲೆಗಳಲ್ಲಿ ಈ ಕೆಲಸ ಮಾಡಿದವರು ಹೆಂಗಸರು. ಪ್ರಬಂಧಗಳಲ್ಲಿ ಅವರಿಗೆ ಸಿಗುತ್ತಿದ್ದದ್ದು ಬಹುಮಟ್ಟಿಗೆ ಕೊನೆಯ ಸಾಲಿನ ಒಂದು ಕೃತಜ್ಞತೆ.

ಅವರ ಕಣ್ಣುಗಳಿಂದ ಬಂದ ಅಂಕಿಗಳು ಇಂದಿಗೂ ಬಳಕೆಯಲ್ಲಿವೆ. ಇಲ್ಲಿ ಅಳತೆಗೋಲು ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಚಿಕ್ಕದಾಗಿ ಎಂಇವಿ. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್, ಒಂದು ಲ್ಯಾಂಬ್ಡಾ ಇರುವ ಹೀಲಿಯಂ-5ರಲ್ಲಿ ಲ್ಯಾಂಬ್ಡಾವನ್ನು ಕಿತ್ತು ಹೊರಹಾಕಲು 3.12 ಎಂಇವಿ ಬೇಕು. ಕಾರ್ಬನ್‌ಗೆ ಬರುವಷ್ಟರಲ್ಲಿ ಅದು 11ರ ಆಸುಪಾಸು. ಸುತ್ತಲಿನ ಕಣಗಳು ಹೆಚ್ಚಾದಂತೆ ಹಿಡಿತವೂ ಒಂದೇ ಸಮನೆ ಬಿಗಿಯಾಗುತ್ತ ಹೋಗುತ್ತದೆ. ಆಕ್ಸ್‌ಫರ್ಡಿನ ರಿಚರ್ಡ್ ಡಾಲಿಟ್ಸ್ ಇಂಥ ಅಂಕಿಗಳನ್ನಿಟ್ಟುಕೊಂಡು ಲ್ಯಾಂಬ್ಡಾ ಮತ್ತು ಪ್ರೋಟಾನ್ ನಡುವಿನ ಬಲದ ಲೆಕ್ಕ ಹಾಕಿದರು. ಲ್ಯಾಂಬ್ಡಾ ಕ್ಷಣದಲ್ಲಿ ಸಾಯುವುದರಿಂದ ಅದನ್ನು ಪ್ರೋಟಾನ್‌ಗೆ ಡಿಕ್ಕಿ ಹೊಡೆಸಿ ನೋಡುವುದು ಬಹಳ ಕಷ್ಟ. ನ್ಯೂಕ್ಲಿಯಸ್ಸೇ ಪ್ರಯೋಗಶಾಲೆಯಾಗಬೇಕಾಯಿತು.

ಎಮಲ್ಷನ್ನಿಗೆ ಎರಡು ಮಿತಿಗಳಿದ್ದವು. ಅದು ಹಗುರ ನ್ಯೂಕ್ಲಿಯಸ್‌ಗಳನ್ನಷ್ಟೇ ಸರಿಯಾಗಿ ತೋರಿಸುತ್ತಿತ್ತು. ಅಲ್ಲದೆ ಸಿಡಿಯುವ ಹೊತ್ತಿಗೆ ಲ್ಯಾಂಬ್ಡಾ ಕೆಳಗಿನ ಮೆಟ್ಟಿಲಿಗೆ ಇಳಿದು ಕೂತಿರುತ್ತಿತ್ತು. ಮೇಲಿನ ಮೆಟ್ಟಿಲುಗಳು ಕಾಣುತ್ತಿರಲಿಲ್ಲ.

ಕಿಸೆಯ ಲೆಕ್ಕ

ಮೆಟ್ಟಿಲುಗಳನ್ನು ನೋಡಲು 1970ರ ದಶಕದಲ್ಲಿ ಜಿನೀವಾದ ಸರ್ನ್‌ನಲ್ಲಿ ಬೇರೆ ಉಪಾಯ ಮಾಡಿದರು. ಕೇಯಾನ್ ಒಂದನ್ನು ನ್ಯೂಕ್ಲಿಯಸ್ಸಿಗೆ ಹೊಡೆದರೆ ಒಳಗಿನ ಒಂದು ನ್ಯೂಟ್ರಾನ್ ಲ್ಯಾಂಬ್ಡಾ ಆಗುತ್ತದೆ, ಪಯಾನ್ ಒಂದು ಹೊರಬರುತ್ತದೆ. ಒಳಗೆ ಏನಾಯಿತೆಂದು ನೋಡಲಾಗದು. ಆದರೆ ಸಂತೆಗೆ ಹೋದವನ ಕಿಸೆಯಲ್ಲಿ ಹೋಗುವಾಗ ಎಷ್ಟಿತ್ತು, ಬರುವಾಗ ಎಷ್ಟಿದೆ ಎಂದು ಎಣಿಸಿದರೆ ಅವನು ಎಷ್ಟು ಬೆಲೆಯ ಸಾಮಾನು ಕೊಂಡ ಎಂದು ಹೇಳಬಹುದಲ್ಲ! ಹೋದ ಕೇಯಾನ್ ಮತ್ತು ಬಂದ ಪಯಾನ್ ಅಯಸ್ಕಾಂತದಲ್ಲಿ ಎಷ್ಟು ಬಾಗಿದವು ಎಂದು ಅಳೆದು, ವ್ಯತ್ಯಾಸದಿಂದ ಹೈಪರ್‌ನ್ಯೂಕ್ಲಿಯಸ್ಸಿನ ಶಕ್ತಿ ಲೆಕ್ಕ ಹಾಕಿದರು. ಕೇಯಾನ್‌ನ ವೇಗವನ್ನು ಹೊಂದಿಸಿದರೆ ಲ್ಯಾಂಬ್ಡಾ ಹುಟ್ಟಿದ ಜಾಗದಲ್ಲೇ ಒದೆತವಿಲ್ಲದೆ ಉಳಿಯುತ್ತದೆ. ಆ ನ್ಯೂಟ್ರಾನ್ ಬಿಟ್ಟ ಸೀಟಿನಲ್ಲೇ ಕೂತ ಹಾಗೆ.

ಈ ಪ್ರಯೋಗಗಳಿಂದ ಒಂದು ಅನಿರೀಕ್ಷಿತ ಸಂಗತಿ ಹೊರಬಿತ್ತು. ಪ್ರೋಟಾನ್, ನ್ಯೂಟ್ರಾನ್‌ಗಳು ಬುಗುರಿಯಂತೆ ತಿರುಗುತ್ತವೆ, ಸುತ್ತುತ್ತವೆ ಕೂಡ. ತಿರುಗುವುದೂ ಸುತ್ತುವುದೂ ಒಂದೇ ದಿಕ್ಕಿನಲ್ಲಿದ್ದರೆ ಒಂದು ಶಕ್ತಿ, ಎದುರು ದಿಕ್ಕಿನಲ್ಲಿದ್ದರೆ ಇನ್ನೊಂದು. ಆಕ್ಸಿಜನ್‌ನಂಥ ನ್ಯೂಕ್ಲಿಯಸ್ಸಿನಲ್ಲಿ ಈ ಅಂತರ ಸುಮಾರು 6 ಎಂಇವಿ. ಮರಿಯಾ ಗೆಪರ್ಟ್ ಮೇಯರ್ ಮತ್ತು ಹಾನ್ಸ್ ಯೆನ್ಸನ್ ನ್ಯೂಕ್ಲಿಯಸ್ಸಿನ ಕವಚ ಮಾದರಿಯನ್ನು ಕಟ್ಟಿದ್ದು, 1963ರ ನೊಬೆಲ್ ಪಡೆದದ್ದು ಈ ಅಂತರವನ್ನು ಗುರುತಿಸಿ. ಲ್ಯಾಂಬ್ಡಾದಲ್ಲಿ ಹುಡುಕಿದರೆ ಆ ಅಂತರ ಕಾಣಲೇ ಇಲ್ಲ. ಬಹಳ ಕಾಲದ ನಂತರ, 2001ರಲ್ಲಿ, ಲ್ಯಾಂಬ್ಡಾ ಇರುವ ಕಾರ್ಬನ್-13ರಲ್ಲಿ ಅದು ಸಿಕ್ಕಿತು: 0.15 ಎಂಇವಿ. ನಮ್ಮ ಕಣಗಳಿಗೆ ಇಷ್ಟು ಮುಖ್ಯವಾದ ನಿಯಮ ಈ ಅತಿಥಿಗೆ ಅನ್ವಯಿಸುವುದೇ ಇಲ್ಲವೆನ್ನುವಷ್ಟು ಅಲ್ಪ.

1980ರ ದಶಕದಲ್ಲಿ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಪಯಾನ್ ಹೊಡೆದು ಕೇಯಾನ್ ಹಿಡಿಯುವ ವಿಧಾನ ಬಂತು. 90ರ ದಶಕದಲ್ಲಿ ಜಪಾನಿನ ತ್ಸುಕುಬಾದ ಕೆಇಕೆ ಸಂಸ್ಥೆ ಒಂದು ದೊಡ್ಡ ಅತಿವಾಹಕ ಅಯಸ್ಕಾಂತ ಕಟ್ಟಿ ಅದನ್ನೇ ಮುಂದುವರಿಸಿತು. ಅಲ್ಲಿ ಇಟ್ರಿಯಂ-89ರಲ್ಲಿ ತೆಗೆದ ಚಿತ್ರ ಈ ಕ್ಷೇತ್ರದ ಎಲ್ಲರಿಗೂ ಪರಿಚಿತ. ಲ್ಯಾಂಬ್ಡಾ ಕೂರುವ ಮೆಟ್ಟಿಲುಗಳು ಒಂದರ ಕೆಳಗೊಂದು, ತೀರ ಒಳಗಿನದ್ದರವರೆಗೆ, ಬೇರೆ ಬೇರೆ ಶಿಖರಗಳಾಗಿ ನಿಂತಿವೆ. ಪ್ರೋಟಾನ್‌ಗಳ ಒಳಮೆಟ್ಟಿಲನ್ನು ಹೀಗೆ ನೋಡಲಾಗದು, ಅಲ್ಲಿ ಒಂದು ಸೀಟು ಖಾಲಿಯಾದ ಕೂಡಲೇ ಪಕ್ಕದವರು ತುಂಬುತ್ತಾರೆ, ಚಿತ್ರ ಮಸುಕಾಗುತ್ತದೆ. ಭಾರವಾದ ನ್ಯೂಕ್ಲಿಯಸ್ಸಿನ ಆಳದಲ್ಲೂ ಕಣವೊಂದು ತನ್ನದೇ ಕಕ್ಷೆಯಲ್ಲಿ ಸುತ್ತುತ್ತದೆ ಎಂಬ ಮಾತಿಗೆ ಕಣ್ಣಾರೆ ಕಾಣುವ ಪುರಾವೆ ಕೊಟ್ಟದ್ದು ಹೊರಗಿನಿಂದ ಬಂದ ಲ್ಯಾಂಬ್ಡಾ.

ಹಳೆಯ ಅಂಕಿಯೊಂದರ ಕಥೆ

ಕಿಸೆಯ ಲೆಕ್ಕದಲ್ಲಿ ಒಂದೆರಡು ಎಂಇವಿಯ ಮಸುಕು ಉಳಿಯುತ್ತಿತ್ತು. ಅದಕ್ಕಿಂತ ನೂರಾರು ಪಟ್ಟು ಸೂಕ್ಷ್ಮವಾಗಿ ನೋಡಬೇಕಾದರೆ, ಲ್ಯಾಂಬ್ಡಾ ಮೆಟ್ಟಿಲಿಳಿಯುವಾಗ ಬಿಡುವ ಗಾಮಾ ಕಿರಣವನ್ನೇ ಹಿಡಿಯಬೇಕು. 1998ರಲ್ಲಿ ತೊಹೊಕು ವಿಶ್ವವಿದ್ಯಾಲಯದ ಹಿರೊಕಝು ತಮುರಾ ಅವರ ತಂಡ 14 ಜರ್ಮೇನಿಯಂ ಪತ್ತೆಕಾರಿಗಳನ್ನು ಗುರಿವಸ್ತುವಿನ ಸುತ್ತ ಜೋಡಿಸಿ ಹೈಪರ್‌ಬಾಲ್ ಎಂಬ ಸಾಧನ ಕಟ್ಟಿತು. ಮೊದಲ ಪ್ರಯೋಗದಲ್ಲೇ ಲಿಥಿಯಂ-7ರ ಗಾಮಾ ಕಿರಣಗಳು ಸಿಕ್ಕಿದವು. ಲಿಥಿಯಂ-6 ಸಡಿಲವಾದ ನ್ಯೂಕ್ಲಿಯಸ್. ಒಳಗೆ ಲ್ಯಾಂಬ್ಡಾ ಬಂದು ಕೂತರೆ ಅದು ಸುಮಾರು ಶೇಕಡಾ 19ರಷ್ಟು ಕುಗ್ಗುತ್ತದೆ ಎಂದು ಆ ಅಳತೆಗಳಿಂದ ಗೊತ್ತಾಯಿತು. ಅತಿಥಿ ಬಂದದ್ದರಿಂದ ಮನೆಯವರೇ ಹತ್ತಿರ ಸರಿದು ಕೂತರು.

ಆದರೆ ನನಗೆ ಈ ಚರಿತ್ರೆಯಲ್ಲಿ ಬಹಳ ಮುಖ್ಯವೆನಿಸುವುದು ಇನ್ನೊಂದು ಅಳತೆ.

ಪ್ರೋಟಾನ್ ಮತ್ತು ನ್ಯೂಟ್ರಾನ್ ವಿದ್ಯುದಂಶ ಬಿಟ್ಟರೆ ಹೆಚ್ಚುಕಡಿಮೆ ಅವಳಿಗಳು. ಎರಡು ಹೈಪರ್‌ನ್ಯೂಕ್ಲಿಯಸ್ ತೆಗೆದುಕೊಳ್ಳಿ. ಒಂದರಲ್ಲಿ ಒಂದು ಪ್ರೋಟಾನ್, ಎರಡು ನ್ಯೂಟ್ರಾನ್, ಒಂದು ಲ್ಯಾಂಬ್ಡಾ. ಅದು ಹೈಡ್ರೋಜನ್-4. ಇನ್ನೊಂದರಲ್ಲಿ ಎರಡು ಪ್ರೋಟಾನ್, ಒಂದು ನ್ಯೂಟ್ರಾನ್, ಒಂದು ಲ್ಯಾಂಬ್ಡಾ. ಅದು ಹೀಲಿಯಂ-4. ಲ್ಯಾಂಬ್ಡಾಗೆ ವಿದ್ಯುದಂಶವಿಲ್ಲ, ಹಾಗಾಗಿ ಎರಡು ಮನೆಯಲ್ಲೂ ಒಂದೇ ರೀತಿ ಇರಬೇಕು. ಎಮಲ್ಷನ್ನಿನ ಲೆಕ್ಕ ಹಾಗೆ ಹೇಳಲಿಲ್ಲ. ಮೊದಲನೆಯದರಲ್ಲಿ ಹಿಡಿತ 2.04 ಎಂಇವಿ, ಎರಡನೆಯದರಲ್ಲಿ 2.39. ವ್ಯತ್ಯಾಸ 0.35. ಸಾಮಾನ್ಯ ನ್ಯೂಕ್ಲಿಯಸ್‌ಗಳಲ್ಲಿ ಇದಕ್ಕೆ ಸಮನಾದ ವ್ಯತ್ಯಾಸ, ವಿದ್ಯುತ್ ವಿಕರ್ಷಣೆಯನ್ನು ಕಳೆದ ಮೇಲೆ, ಸುಮಾರು 0.07 ಮಾತ್ರ. ಐದು ಪಟ್ಟು ಹೆಚ್ಚು ಏಕೆ?

ಮೇಲಿನ ಮೆಟ್ಟಿಲಿನಲ್ಲೂ ಇದೇ ಅಂತರವಿದೆಯೇ ಎಂದು ತಿಳಿದರೆ ಸುಳಿವು ಸಿಗುತ್ತಿತ್ತು. ಎರಡನೆಯ ಮೆಟ್ಟಿಲಿನಲ್ಲಿ ಲ್ಯಾಂಬ್ಡಾದ ತಿರುಗುವಿಕೆಯ ದಿಕ್ಕು ಬೇರೆ, ಅಷ್ಟೇ. 1970ರ ದಶಕದಲ್ಲಿ ಅಂದಿನ ಸೋಡಿಯಂ ಅಯೊಡೈಡ್ ಪತ್ತೆಕಾರಿಗಳಿಂದ ಅಳೆದರು. ಹೈಡ್ರೋಜನ್-4ರಲ್ಲಿ ಮೆಟ್ಟಿಲಿನ ಎತ್ತರ 1.09 ಎಂಇವಿ ಬಂತು, ಹೀಲಿಯಂ-4ರಲ್ಲಿ 1.15. ಎರಡನೆಯದಕ್ಕೆ ಸಿಕ್ಕ ಗಾಮಾ ಕಿರಣಗಳು ಬಹಳ ಕಡಿಮೆ. ಆದರೂ ಅಂಕಿ ಕೋಷ್ಟಕಕ್ಕೆ ಸೇರಿತು. ಎತ್ತರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಎಂದರೆ ಮೇಲಿನ ಮೆಟ್ಟಿಲಿನಲ್ಲೂ ಅಂತರ ಹಾಗೆಯೇ ಉಳಿದಿದೆ ಎಂದಾಯಿತು. ಬೋಡ್ಮರ್ ಮತ್ತು ಭಾರತೀಯ ಭೌತವಿಜ್ಞಾನಿ ಕ್ಯೂ. ಎನ್. ಉಸ್ಮಾನಿ 1985ರಲ್ಲಿ ಈ ಅಂಕಿಗಳನ್ನಿಟ್ಟು ಲೆಕ್ಕ ಮಾಡಿ, ಅವಳಿತನವನ್ನು ಮುರಿಯುವ ಈ ಬಲ ತಿರುಗುವ ದಿಕ್ಕನ್ನು ಅವಲಂಬಿಸಿಲ್ಲ ಎಂಬ ನಿಲುವಿಗೆ ಬಂದರು. ಅವರಿಗೆ ಸಿಕ್ಕಿದ್ದ ಅಂಕಿಗಳಿಂದ ಬೇರೆ ನಿಲುವಿಗೆ ಬರಲು ಸಾಧ್ಯವೂ ಇರಲಿಲ್ಲ. ಆದರೆ ಕಣಗಳ ನಡುವಿನ ಬಲದ ಮೂಲದಿಂದ ಶುರುಮಾಡಿದ ಯಾವ ಸಿದ್ಧಾಂತದಿಂದಲೂ ಅಷ್ಟು ದೊಡ್ಡ ಅಂತರ ಎರಡೂ ಮೆಟ್ಟಿಲಲ್ಲಿ ಹುಟ್ಟಲಿಲ್ಲ. ದಶಕಗಳ ಕಾಲ ಇದು ಬಗೆಹರಿಯದೆ ಉಳಿಯಿತು.

ಮತ್ತೆ ಅಳೆಯಬೇಕೆಂದು ತಮುರಾ ತಂಡ ನಿರ್ಧರಿಸಿತು. ಕೆಇಕೆಯ ಹಳೆಯ ಯಂತ್ರ ಅಷ್ಟರಲ್ಲಿ ನಿಂತಿತ್ತು, ತೊಕಾಯ್ ಊರಿನ ಕಡಲ ದಂಡೆಯಲ್ಲಿ ಜೆ-ಪಾರ್ಕ್ ಎಂಬ ಹೊಸದು ಬಂದಿತ್ತು. 2011ರ ಮಾರ್ಚ್ 11ರ ಭೂಕಂಪಕ್ಕೆ ಅದು ಸಿಕ್ಕಿಕೊಂಡು ತಿಂಗಳುಗಟ್ಟಲೆ ಮುಚ್ಚಿತು. ದುರಸ್ತಿಯಾಗಿ ನಡೆಯುತ್ತಿರುವಾಗ 2013ರ ಮೇ 23ರಂದು ಧಾರೆ ನಿಯಂತ್ರಣ ತಪ್ಪಿ ಚಿನ್ನದ ಗುರಿವಸ್ತುವಿಗೆ ಹಾನಿಯಾಗಿ ವಿಕಿರಣಶೀಲ ವಸ್ತು ಸೋರಿತು. ಆ ಪ್ರಯೋಗ ಭವನ ಮತ್ತೆ ಶುರುವಾದದ್ದು 2015ರ ಏಪ್ರಿಲ್‌ನಲ್ಲಿ.

ಶುರುವಾದ ಕೂಡಲೇ ದ್ರವ ಹೀಲಿಯಂ ಮೇಲೆ ಕೇಯಾನ್ ಹರಿಸಿ ನೋಡಿದರು. 1.15 ಎಂಇವಿ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಶಿಖರ ನಿಂತಿದ್ದದ್ದು 1.406ರಲ್ಲಿ. ಕೆಳಗಿನ ಮೆಟ್ಟಿಲಿನಲ್ಲಿರುವ 0.35ರ ಅಂತರ ಮೇಲಿನದ್ದರಲ್ಲಿ ಬಹುತೇಕ ಮಾಯವಾಗುತ್ತದೆ ಎಂದು ಇದರ ಅರ್ಥ. ಅವಳಿತನ ಮುರಿಯುವುದು ಲ್ಯಾಂಬ್ಡಾ ತಿರುಗುವ ದಿಕ್ಕನ್ನು ನೋಡಿಕೊಂಡೇ. ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಸಿದ್ಧಾಂತಿಗಳು ಹೊಂದಿಸಲು ಹೆಣಗಿದ ಅಂಕಿಯೇ ಸರಿಯಿರಲಿಲ್ಲ.

ಇದರಲ್ಲಿ ಯಾರ ಮೋಸವೂ ಇಲ್ಲ, ಸೋಮಾರಿತನವೂ ಇಲ್ಲ. ಅಂದಿನ ಉಪಕರಣದಿಂದ ಕಂಡದ್ದನ್ನು ಬರೆದಿಟ್ಟರು. ಮತ್ತೆ ಮಾಡಿ ನೋಡಲು ಬೇಕಾದ ಯಂತ್ರ, ಹಣ, ಜನ ಮೂರೂ ಒಟ್ಟಿಗೆ ಕೂಡಿಬರಲು ಇಷ್ಟು ವರ್ಷ ಬೇಕಾಯಿತು.

ನದಿಗಳ ಹೆಸರು, ನಕ್ಷತ್ರಗಳ ತೂಕ

ಒಂದರ ಬದಲು ಎರಡು ಲ್ಯಾಂಬ್ಡಾ ಇರುವ ನ್ಯೂಕ್ಲಿಯಸ್ಸನ್ನೂ ಮೊದಲು ಕಂಡದ್ದು ದಾನಿಶ್, ಪ್ನಿಯೆವ್‌ಸ್ಕಿ ಮತ್ತವರ ಜೊತೆಗಾರರು, 1963ರಲ್ಲಿ. ಇಂಥವು ಅಪರೂಪದಲ್ಲಿ ಅಪರೂಪ, ಹಾಗಾಗಿ ಸಿಕ್ಕ ಒಂದೊಂದು ಘಟನೆಗೂ ಹೆಸರಿಡುವ ಅಭ್ಯಾಸ ಜಪಾನಿನ ಎಮಲ್ಷನ್ ತಂಡಗಳಲ್ಲಿದೆ. 2001ರಲ್ಲಿ ಪ್ರಕಟವಾದ ಸ್ಪಷ್ಟ ಘಟನೆಗೆ ನಗಾರಾ ಎಂದು ಹೆಸರು, ಗಿಫು ನಗರದಲ್ಲಿ ಹರಿಯುವ ನದಿಯದ್ದು. ಮುಂದೆ ಸಿಕ್ಕವು ಕಿಸೊ, ಮಿನೊ, ಇಬುಕಿ. ಎಲ್ಲವೂ ಆ ಸೀಮೆಯ ನದಿ, ನಾಡು, ಬೆಟ್ಟಗಳ ಹೆಸರುಗಳೇ. ಗಿಫು ವಿಶ್ವವಿದ್ಯಾಲಯದವರು ಈ ಕೆಲಸದ ಮುಂಚೂಣಿಯಲ್ಲಿದ್ದರು. ಗ್ರೀಕ್ ಅಕ್ಷರ ಮತ್ತು ಅಂಕಿಗಳಿಂದ ತುಂಬಿದ ಪ್ರಬಂಧಗಳ ನಡುವೆ ಒಂದು ಊರಿನ ನೀರಿನ ಹೆಸರು ಕಂಡಾಗ ಇದನ್ನು ಮಾಡಿದವರು ಎಲ್ಲಿಯವರು ಎಂದು ತಟ್ಟನೆ ತಿಳಿಯುತ್ತದೆ.

ಇಷ್ಟೆಲ್ಲ ಶ್ರಮ ಏತಕ್ಕೆ ಎಂದು ಕೇಳುವವರಿಗೆ ಒಂದು ಉತ್ತರ ನ್ಯೂಟ್ರಾನ್ ನಕ್ಷತ್ರಗಳಲ್ಲಿದೆ. ಸೂರ್ಯನಿಗಿಂತ ಹೆಚ್ಚು ತೂಕವನ್ನು ಒಂದು ನಗರದಷ್ಟು ಜಾಗಕ್ಕೆ ಒತ್ತಿದ ಕಾಯಗಳವು. ನಡುವಿನಲ್ಲಿ ಒತ್ತಡ ಎಷ್ಟೆಂದರೆ, ನ್ಯೂಟ್ರಾನ್‌ಗಳು ಸೀಟಿಲ್ಲದೆ ಒದ್ದಾಡುವ ಬದಲು ಲ್ಯಾಂಬ್ಡಾ ಆಗಿ ಮಾರ್ಪಡುವುದೇ ಅಗ್ಗ. ನಮ್ಮ ಲೋಕದಲ್ಲಿ 260 ಪಿಕೊಸೆಕೆಂಡಿನ ಅತಿಥಿ ಅಲ್ಲಿ ಕಾಯಂ ನಿವಾಸಿಯಾಗಬಹುದು. ಹಾಗಾದರೆ ನಕ್ಷತ್ರದ ಒಳಗು ಮೆದುವಾಗುತ್ತದೆ, ಹೆಚ್ಚು ತೂಕ ಹೊರಲಾರದೆ ಕುಸಿಯಬೇಕು. ಆದರೆ 2010ರಲ್ಲಿ ಸೂರ್ಯನ ಸುಮಾರು ಎರಡು ಪಟ್ಟು ತೂಕದ ನ್ಯೂಟ್ರಾನ್ ನಕ್ಷತ್ರವೊಂದನ್ನು ಅಳೆದರು, ಮುಂದೆ ಅಂಥವು ಇನ್ನೂ ಸಿಕ್ಕಿದವು. ಅವು ಕುಸಿದಿಲ್ಲ. ಲ್ಯಾಂಬ್ಡಾ ಹತ್ತಿರ ಬಂದಾಗ ಮೂರು ಕಣಗಳ ನಡುವೆ ತಳ್ಳುವ ಬಲವಿದೆಯೇ, ಎರಡು ಲ್ಯಾಂಬ್ಡಾಗಳು ಒಂದನ್ನೊಂದು ಎಷ್ಟು ಎಳೆಯುತ್ತವೆ ಎಂಬ ಪ್ರಶ್ನೆಗಳು ಹೀಗೆ ನಕ್ಷತ್ರದ ಪ್ರಶ್ನೆಗಳಾಗಿವೆ. ನಗಾರಾ ಘಟನೆ ಎರಡನೆಯದಕ್ಕೆ ಉತ್ತರ ಕೊಟ್ಟಿದೆ: ಎಳೆಯುತ್ತವೆ, ಆದರೆ ಬಹಳ ಮೆಲ್ಲಗೆ, 0.67 ಎಂಇವಿಯಷ್ಟು.

ನಕ್ಷತ್ರದ ನಡುವಿಗೆ ಹೋಗಲು ಯಾರಿಗೂ ಆಗದು. ಅದರ ಬದಲು ಜೆ-ಪಾರ್ಕ್‌ನಲ್ಲಿ ಕೇಯಾನ್ ಧಾರೆಗೆ ಒಡ್ಡಿದ ಸಾವಿರಕ್ಕೂ ಹೆಚ್ಚು ಎಮಲ್ಷನ್ ಹಾಳೆಗಳಿವೆ. ಅವುಗಳ ಬಹುಭಾಗವನ್ನು ಯಾವ ಕಣ್ಣೂ ಪೂರ್ತಿ ಓದಿಲ್ಲ. 2021ರಲ್ಲಿ ರಿಕೆನ್ ಸಂಸ್ಥೆಯ ತಕೆಹಿಕೊ ಸೈತೊ ಅವರ ತಂಡ, ಗೆರೆಗಳನ್ನು ಗುರುತಿಸಲು ಕಲಿಸಿದ ಕಂಪ್ಯೂಟರ್ ಬಳಸಿ ಆ ಹಾಳೆಗಳಲ್ಲಿ ಹೈಪರ್‌ಟ್ರೈಟಾನ್ ಎಂಬ ಅತಿ ಹಗುರ ಹೈಪರ್‌ನ್ಯೂಕ್ಲಿಯಸ್ಸನ್ನು ಹುಡುಕಿ ತೆಗೆಯಿತು. ಅದರ ಹಿಡಿತ ಎಷ್ಟೆಂಬ ಬಗ್ಗೆ ಇಂದು ಬೇರೆ ಬೇರೆ ಪ್ರಯೋಗಗಳು ಬೇರೆ ಬೇರೆ ಅಂಕಿ ಹೇಳುತ್ತಿವೆ, ಮತ್ತೆ ಎಮಲ್ಷನ್ನನ್ನೇ ಕೇಳಬೇಕಾಗಿದೆ. ಬೆಳ್ಳಿಯ ಕಣಗಳ ನಡುವೆ ನಿಂತು ಸಿಡಿದ ಒಂದು ಗೆರೆಯನ್ನು ಹುಡುಕುವ ಕೆಲಸ ವಾರ್ಸಾದಲ್ಲಿ ಶುರುವಾದಂತೆಯೇ ಇನ್ನೂ ನಡೆದಿದೆ.